ಮೂರನೇ ಸಲ, ಮೂವತ್ತೇಳು ಡಿಗ್ರಿ

ಪ್ರಯೋಗಾಲಯ ಅಂದರೆ ಬಹಳ ಗಂಭೀರವಾದ ಜಾಗ ಅಂತ ಜನ ತಿಳಿದಿದ್ದಾರೆ. ಬಿಳಿ ಕೋಟು, ಗಾಜಿನ ಬಾಟಲಿ, ಪಿಸುಮಾತು. ಇಪ್ಪತ್ತೆರಡು ವರ್ಷ ಅದರೊಳಗೇ ಕೂತವನು ನಾನು, ನನ್ನ ಮಾತು ನಂಬ್ರಿ. ಅಲ್ಲಿ ನಗು ಬರುವಂಥದ್ದು ನಡೆಯದ ವಾರವೇ ಇಲ್ಲ. ನಡೆದಾಗ ಮಾತ್ರ ಯಾರಿಗೂ ನಗು ಬರೋದಿಲ್ಲ, ಆಗ ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಿರ್ತೀವಿ. ನಗು ಬರೋದು ಆರು ತಿಂಗಳಾದ ಮೇಲೆ.

ಈಗ ಹೇಳೋದೆಲ್ಲ ಒಂದೇ ವರ್ಷದಲ್ಲಿ, ಒಬ್ಬ ಹುಡುಗಿಯ ಪಿಎಚ್‌ಡಿ ಸುತ್ತ ನಡೆದದ್ದು. ಹುಡುಗಿ ನನ್ನ ವಿದ್ಯಾರ್ಥಿನಿ. ಅಪ್ಪ ಅಮ್ಮ ಕಲಬುರಗಿ ಕಡೆಯವರು, ಅಪ್ಪನಿಗೆ ಶೇಂದ್ರಾದಲ್ಲಿ ಕಾರ್ಖಾನೆ ನೌಕರಿ. ಹುಟ್ಟಿ ಬೆಳೆದದ್ದೆಲ್ಲ ನಮ್ಮ ಪ್ರಯೋಗಾಲಯ ಇರುವ ಈ ಛತ್ರಪತಿ ಸಂಭಾಜಿನಗರದಲ್ಲೇ ಆದ್ದರಿಂದ ಕನ್ನಡ ಪೂರ್ತಿ ತಿಳೀತದೆ, ಆಡೋದು ಮಾತ್ರ ಮರಾಠಿ ಬೆರೆಸಿ. ಆರು ವರ್ಷ ದುಡಿದಿದ್ದಳು. ನೋಂದಣಿಯ ಅವಧಿ ಮುಗಿದು, ಒಂದು ಸಲ ವಿಸ್ತರಣೆಯೂ ಆಗಿ, ಇನ್ನು ವಿಸ್ತರಣೆ ಇಲ್ಲ ಅಂತ ವಿಶ್ವವಿದ್ಯಾಲಯದಿಂದ ಕಾಗದ ಬಂದಿತ್ತು. ಪ್ರಬಂಧ ಬರೆದು ಆಗಿತ್ತು. ಉಳಿದದ್ದು ಒಂದೇ ಒಂದು ಪ್ರಯೋಗ. ನಮ್ಮಲ್ಲಿ ಯಾವುದೇ ಫಲಿತಾಂಶ ಮೂರು ಸಲ ಅದೇ ಬಂದರೆ ಮಾತ್ರ ನಿಜ. ಅವಳದು ಬೇಸಿಗೆಯಲ್ಲಿ ಎರಡು ಸಲ ಚಂದ ಬಂದಿತ್ತು. ಮೂರನೇ ಸಲ ಬರಬೇಕಿತ್ತು, ಅಷ್ಟೇ. ಬರದಿದ್ದರೆ ಆರು ವರ್ಷ ನೀರಲ್ಲಿ ಹೋಮ.

೧. ಉಪ್ಪಿನಕಾಯಿ ಬಾಟಲಿ

ಮೊದಲು ನಾವೇನು ಮಾಡ್ತೀವಿ ಅನ್ನೋದನ್ನ ಹೇಳಬೇಕು. ಅದನ್ನ ನನಗಿಂತ ಚೆನ್ನಾಗಿ ತಿಳಿಸಿದವರು ನಮ್ಮ ಮೇಲಿನ ಮನೆಯ ಯಜಮಾನರು.

ಅವರು ಬೀದರ ಜಿಲ್ಲೆಯವರು, ಇಲ್ಲಿ ತೊಗರಿಬೇಳೆಯ ಹೋಲ್‌ಸೇಲ್ ಅಂಗಡಿ. ಹಣೆಯ ಮೇಲೆ ವಿಭೂತಿ, ಬಾಯಿ ತುಂಬ ರೀ. ಒಂದು ದಿನ ಬೆಳಿಗ್ಗೆ ನನ್ನ ಪ್ರಯೋಗಾಲಯಕ್ಕೇ ಬಂದು, ಚೀಲದಿಂದ ಉಪ್ಪಿನಕಾಯಿ ಬಾಟಲಿಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಅದರೊಳಗೆ ಉಪ್ಪಿನಕಾಯಿ ಇರಲಿಲ್ಲ.

"ಸಕ್ರಿ ಎಷ್ಟದ ನೋಡ್ರಿ ಸ್ವಲ್ಪ. ನಿಮ್ಮಂಥಾವ್ರು ಮನಿ ಕೆಳಗ ಇರೂಮುಂದ ಹೊರಗ್ಯಾಕ ಹೋಗ್ಬೇಕು?"

"ಸಾಹುಕಾರ್ರ, ನಾವು ತಪಾಸಣೆ ಮಾಡಂಗಿಲ್ರಿ. ಇದು ಸಂಶೋಧನಾ."

"ಸಕ್ರಿ ಬ್ಯಾನಿದೇ ಅಲ್ರಿ ಮತ್ತ?"

"ಸಕ್ಕರೆ ಬ್ಯಾನಿದೇ. ಆದ್ರ ಮನುಷ್ಯಾರಿಗೆ ಅಲ್ಲ, ಜೀವಕೋಶಕ್ಕ. ನೋಡ್ರಿ, ಇನ್ಸುಲಿನ್ ಬಂದು ಕೋಶದ ಬಾಗಿಲಾ ಬಡೀತದ. ಒಳಗ ಆ ಸುದ್ದಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಬೇಕು, ಕಚೇರಿಯೊಳಗ ಫೈಲ್ ಹೋದಂಗ. ಕಡೀಕ ಒಬ್ಬಂವ ಸಹಿ ಹಾಕಿದ ಮ್ಯಾಲೆ ಸಕ್ಕರೆಗೆ ಬಾಗಿಲಾ ತಗೀತದ. ಬ್ಯಾನಿ ಬಿದ್ದ ಕೋಶದಾಗ ಯಾರೋ ಒಬ್ಬಂವ ಫೈಲಿನ ಮ್ಯಾಲೆ ಕುಂತಿರ್ತಾನ. ಅವಾ ಯಾರು ಅಂತ ನಾವು ಹುಡುಕ್ತೀವಿ."

ಇದು ಅವರಿಗೆ ಬಹಳ ಹಿಡಿಸಿತು. ನಗರಪಾಲಿಕೆಯಲ್ಲಿ ಅಂಗಡಿಯ ಲೈಸೆನ್ಸಿಗೆ ಎರಡು ವರ್ಷ ಅಲೆದವರು. "ಸಿಕ್ಕಾನೇನ್ರಿ?"

"ನಮ್ಮ ಹುಡುಗಿಗೆ ಸಿಕ್ಕಾನ. ಅವನ್ನ ಎಬ್ಬಸೂ ಔಷಧಾನೂ ಸಿಕ್ಕದ. ಇನ್ನೊಂದು ಸಲ ಖಾತ್ರಿ ಆಗಬೇಕು."

"ಬ್ಯಾನಿ ಬಿದ್ದ ಕೋಶ ಎಲ್ಲಿಂದ ತರ್ತೀರಿ?"

"ತರಂಗಿಲ್ರಿ. ಚೊಲೋ ಕೋಶಗಳಿಗೆ ಕೊಬ್ಬು ತಿನಸಿ ತಿನಸಿ ನಾವಽ ಬ್ಯಾನಿ ಬೀಳಸ್ತೀವಿ."

ಯಜಮಾನರು ಬಾಟಲಿಯನ್ನು ಮೆಲ್ಲಗೆ ತಿರುಗಿ ಚೀಲಕ್ಕೆ ಹಾಕಿಕೊಂಡರು. ಬಾಗಿಲ ತನಕ ಹೋಗಿ ನಿಂತರು. "ಇಪ್ಪತ್ತೆರಡು ವರ್ಷದಾಗ ಒಬ್ಬರ್ನೂ ಗುಣಾ ಮಾಡಿಲ್ಲ, ಮ್ಯಾಲ ಆರಾಮಿದ್ದವ್ರನ್ನ ಬ್ಯಾನಿ ಬೀಳಸ್ತೀರಿ. ನಾ ಅಂಗಡ್ಯಾಗ ಹಿಂಗ ಮಾಡಿದ್ರ ಒಳಗ ಹಾಕ್ತಾರ ನೋಡ್ರಿ. ನಿಮಗ ಪಗಾರ ಕೊಡ್ತಾರ."

೨. ಸಂಕಷ್ಟಿಯ ಚಂದ್ರ

ಮಳೆಗಾಲದಲ್ಲಿ ಹುಡುಗಿ ಮೂರನೇ ಸಲಕ್ಕೆ ಕೈ ಹಾಕಿದಳು.

ಈ ಪ್ರಯೋಗದ ಪದ್ಧತಿ ಏನಂದರೆ, ಇನ್ಸುಲಿನ್ ಕೊಡುವ ಮುಂಚೆ ಕೋಶಗಳನ್ನು ಒಂದು ರಾತ್ರಿ ಉಪವಾಸ ಕೆಡವಬೇಕು. ದಿನಾ ಅವುಗಳಿಗೆ ಹಾಕುವ ಪೌಷ್ಟಿಕ ದ್ರವವನ್ನು ನಿಲ್ಲಿಸೋದು. ಹೊಟ್ಟೆ ತುಂಬಿ ಮಲಗಿದವನ ಬಾಗಿಲು ಬಡಿದರೆ ಅವನು ಏಳೋದಿಲ್ಲ ನೋಡ್ರಿ, ಹಾಗೆ. ಸಂಜೆ ಹುಡುಗಿ ಕೋಶಗಳನ್ನು ಇನ್‌ಕ್ಯುಬೇಟರಿನಲ್ಲಿ, ಅಂದರೆ ಅವುಗಳನ್ನು ಬೆಚ್ಚಗಿಡುವ ಪೆಟ್ಟಿಗೆಯಲ್ಲಿ ಇಟ್ಟು, ಬಾಗಿಲಿಗೆ ಮರಾಠಿಯಲ್ಲಿ 'ಇಂದು ಉಪವಾಸ' ಅಂತ ಚೀಟಿ ಅಂಟಿಸಿ ಮನೆಗೆ ಹೋದಳು.

ನಮ್ಮ ಪ್ರಯೋಗಾಲಯದ ಅಟೆಂಡರ್ ಒಬ್ಬರಿದ್ದಾರೆ. ನಿವೃತ್ತಿಗೆ ಹತ್ತಿರ ಬಂದ ಮನುಷ್ಯ, ಕಡ್ಡಿಯಂಥ ಶರೀರ, ವಾರಕ್ಕೆ ಎರಡು ಉಪವಾಸ. ಇಲ್ಲಿಯ ರೂಢಿಯಂತೆ ಅವರಿಗೆ ಎಲ್ಲರೂ ಮಾಮಾ ಅಂತೀವಿ. ಅವರ ಮನೆ ಪ್ರಯೋಗಾಲಯದ ಹಿಂದಿನ ಕ್ವಾರ್ಟರ್ಸಿನಲ್ಲೇ ಇರೋದರಿಂದ ಬೀಗದ ಕೈ ಅವರ ಹತ್ತಿರ. ಕೋಶಗಳ ಮೇಲೆ ಅವರಿಗೆ ನಮಗಿಂತ ಜಾಸ್ತಿ ಮಮತೆ.

ಮರುದಿನ ಫಲಿತಾಂಶ ನೋಡಿದರೆ ಎಲ್ಲ ಸಪಾಟು. ಇನ್ಸುಲಿನ್ ಕೊಟ್ಟ ಕೋಶವೂ ಅಷ್ಟೇ, ಕೊಡದ ಕೋಶವೂ ಅಷ್ಟೇ. ಹುಡುಗಿಯ ಮುಖ ಸಣ್ಣದಾಯಿತು. ಇನ್ಸುಲಿನ್ ಕೆಟ್ಟಿದೆ ಅಂತ ನಾನು, ಬಣ್ಣ ಕೆಟ್ಟಿದೆ ಅಂತ ಅವಳು. ಇಡೀ ಬೆಳಿಗ್ಗೆ ಒಂದೊಂದೇ ಬಾಟಲಿ ಬೆಳಕಿಗೆ ಹಿಡಿದು ನೋಡಿದ್ದೇ ಬಂತು. ಮಾಮಾ ಚಹಾ ತಂದರು. ನಮ್ಮ ಮುಖ ನೋಡಿ ಸಮಾಧಾನ ಹೇಳಿದರು, ಮರಾಠಿಯಲ್ಲಿ.

"ಕೋಶಗಳ ಚಿಂತೆ ಬಿಡಿ ಸರ್. ಅವು ಖುಷಿಯಾಗಿವೆ. ನಿನ್ನೆ ಚಂದ್ರೋದಯ ಆದ ತಕ್ಷಣ ನಾನೇ ಬಂದು ಉಪವಾಸ ಬಿಡಿಸಿದೆ."

ನಾನು ಕಪ್ಪು ಕೆಳಗಿಟ್ಟೆ. "ಏನು ಬಿಡಿಸಿದಿರಿ?"

"ನಿನ್ನೆ ಸಂಕಷ್ಟಿ ಅಲ್ಲವಾ? ನಂದೂ ಇತ್ತು. ಮೋಡ ಇತ್ತು, ಚಂದ್ರ ಕಾಣಲಿಲ್ಲ, ಅದಕ್ಕೇ ಕ್ಯಾಲೆಂಡರಿನಲ್ಲಿ ಹೊತ್ತು ನೋಡಿಕೊಂಡೆ. ಮೊದಲು ಗಣಪತಿಗೆ ಮೋದಕ, ಆಮೇಲೆ ಫ್ರಿಜ್ಜಿನಿಂದ ಅವುಗಳ ಊಟ ತೆಗೆದು, ಮ್ಯಾಡಂ ಹಾಕೋ ಹಾಗೇ ಲೆಕ್ಕದಲ್ಲಿ ಹಾಕಿದೆ. ಆಮೇಲೆ ನಾನು ಉಂಡೆ."

ಹುಡುಗಿ ಕಣ್ಣು ಮುಚ್ಚಿಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಗಣಪತಿಯ ನಂತರ, ತಾನು ಉಣ್ಣುವ ಮುಂಚೆ ನಮ್ಮ ಕೋಶಗಳಿಗೆ ಉಣ್ಣಿಸಿದ ಮನುಷ್ಯನನ್ನು ಬೈಯೋದು ಹೇಗೆ? ಹಲ್ಲು ಕಚ್ಚಿ ಹೇಳಿದೆ: "ಮಾಮಾ, ಇವುಗಳ ಉಪವಾಸ ಮರುದಿನ ಬೆಳಿಗ್ಗೆ ಬಿಡಿಸಬೇಕು. ಮಧ್ಯೆ ಏನೂ ಕೊಡೋ ಹಾಗಿಲ್ಲ."

ಮಾಮಾ ನಮ್ಮಿಬ್ಬರ ಕಡೆಗೂ ಕನಿಕರದಿಂದ ನೋಡಿದರು. "ಅದು ಏಕಾದಶಿ ಸರ್. ಸಂಕಷ್ಟಿ ದಿನ ಏಕಾದಶಿ ಮಾಡಿಸಿದರೆ ಹೇಗೆ ನಡೆದೀತು?"

ಪಂಚಾಂಗ ತೆಗೆದು ನೋಡಿದೆವು. ಏಕಾದಶಿಯ ಉಪವಾಸ ಬಿಡೋದೂ ನಮ್ಮ ಹಾಗೇ ಮರುದಿನ ಬೆಳಿಗ್ಗೆ, ಗಂಟೆಯ ಲೆಕ್ಕದಲ್ಲಿ ಕೂಡ ವ್ಯತ್ಯಾಸ ಇರಲಿಲ್ಲ. ಅಂದಿನಿಂದ ನಮ್ಮ ಪ್ರಯೋಗಗಳೆಲ್ಲ ಏಕಾದಶಿಗೇ.

೩. ಲೋಕದಲ್ಲೇ ಮೊದಲು

ಅನುಕೂಲವಾದ ಏಕಾದಶಿ ಸಿಕ್ಕಿದ್ದು ದಸರೆಯ ಮರುದಿನ. ಸಂಜೆ ಉಪವಾಸ ಕೂಡಿಸಿದ್ದಾಯಿತು. ಮಾಮಾ ತಾವೂ ಉಪವಾಸ ಇದ್ದು, ಬೀಗದ ಕೈಯನ್ನು ಹುಡುಗಿಯ ಕೈಗೆ ಕೊಟ್ಟರು. ಇನ್ನು ತಪ್ಪುವ ಮಾತೇ ಇರಲಿಲ್ಲ.

ದ್ವಾದಶಿ ಬೆಳಿಗ್ಗೆ ಹುಡುಗಿ ಇನ್ಸುಲಿನ್ ಕೊಟ್ಟಳು, ಔಷಧ ಕೊಟ್ಟಳು, ಬಣ್ಣ ಹಾಕಿದಳು. ಕೋಶದೊಳಗೆ ಸುದ್ದಿ ಮುಂದೆ ಸಾಗಿದರೆ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುವಂಥ ಬಣ್ಣ ಅದು. ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಇಟ್ಟವನು ತೆಗೆಯಲಿಲ್ಲ.

ಹಸಿರು ಅಂದರೆ ಅಂಥಿಂಥ ಹಸಿರಲ್ಲ. ಬೇಸಿಗೆಯಲ್ಲಿ ಬಂದದ್ದಕ್ಕಿಂತ ಹತ್ತು ಪಟ್ಟು. ಫೈಲು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗೋದಿರಲಿ, ಕಚೇರಿಗೇ ದೀಪಾವಳಿ ಬಂದ ಹಾಗಿತ್ತು. ಸುಳ್ಳು ಯಾಕೆ ಹೇಳಲಿ, ಆ ಕ್ಷಣಕ್ಕೆ ನಾನು ಹುಡುಗಿಯ ಪಿಎಚ್‌ಡಿ ಮರೆತೆ. ನಾಶಿಕಿನಲ್ಲಿ ಬ್ಯಾಂಕ್ ನೌಕರಿಯಲ್ಲಿರುವ ನನ್ನ ಹೆಂಡತಿಗೆ ಫೋನು ಮಾಡಿ, ಬಹುಮಾನ ತಗೊಳ್ಳೋಕೆ ಹೋಗುವಾಗ ಯಾವ ಕೋಟು ಹಾಕಿಕೊಳ್ಳಲಿ ಅಂತ ಕೇಳಿದೆ. "ಒಂದಽ ಐತಿ" ಅಂದಳು. ನಿರ್ದೇಶಕರ ಕೋಣೆಗೆ ಓಡಿ, "ಲೋಕದಲ್ಲೇ ಮೊದಲು" ಅಂದುಬಿಟ್ಟೆ. ಅವರು ಪೇಢೆ ತರಿಸಿದರು. ಇಡೀ ವಿಭಾಗದವರು ಸಾಲಾಗಿ ನಿಂತು ಸೂಕ್ಷ್ಮದರ್ಶಕದಲ್ಲಿ ದರ್ಶನ ಮಾಡಿ, ಪೇಢೆ ತಿಂದು ಹೋದರು.

ಹುಡುಗಿ ಮಾತ್ರ ಪೇಢೆ ಮುಟ್ಟಲಿಲ್ಲ. ಸಾಲು ಕರಗಿದ ಮೇಲೆ ಮೆಲ್ಲಗೆ ಅಂದಳು: "ಸರ್, ಏಕ್ ಪ್ರಾಬ್ಲೆಮ್ ಅದ. ಔಷಧ ಹಾಕದಿದ್ದ ಕೋಶ ಬಿ ಚಮಕತಾವ."

"ಇರಲಿ, ಸ್ವಲ್ಪ ಚಮಕ್ತಾವ."

"ಕೋಶಾನೇ ಇಲ್ಲದ ರಿಕಾಮಾ ಕುಳಿ ಬಿ ಚಮಕತದ ಸರ್."

ನಾನು ಪೇಢೆ ನುಂಗೋದು ನಿಲ್ಲಿಸಿದೆ. ಕೋಶ ಹಾಕುವ ತಟ್ಟೆಯ ಆ ಖಾಲಿ ಕುಳಿಯಲ್ಲಿ ಏನೂ ಇಲ್ಲ, ಬರೀ ನೀರು. ಅದೂ ಹೊಳೀತಿತ್ತು. ಆಮೇಲೆ ಹುಡುಗಿ ಒಂದೊಂದೇ ವಸ್ತುವನ್ನು ನೀಲಿ ಬೆಳಕಿಗೆ ಹಿಡಿದಳು. ಇನ್‌ಕ್ಯುಬೇಟರಿನ ಹಿಡಿಕೆ ಹೊಳೆಯಿತು. ಅವಳ ಕೈಗವಸು ಹೊಳೆಯಿತು. ನನ್ನ ಬೆರಳು ಹೊಳೆಯಿತು. ಎಲ್ಲಕ್ಕಿಂತ ಜಾಸ್ತಿ ಹೊಳೆದದ್ದು, ದ್ರವ ಎಳೆಯಲು ನಾವು ಬಳಸುವ ಪ್ಲಾಸ್ಟಿಕ್ ತುದಿಗಳ ಡಬ್ಬಿ. ಮುಚ್ಚಳ ತೆಗೆದರೆ ಮೂಲೆಯಲ್ಲಿ ನಾಲ್ಕು ಅಕ್ಕಿಕಾಳು.

ಮಾಮಾ ಸಂಕೋಚವಿಲ್ಲದೆ ಒಪ್ಪಿಕೊಂಡರು. ಖಂಡೇನವಮಿ ದಿನ, ಅಂದರೆ ಆಯುಧಪೂಜೆಗೆ, ಎಲ್ಲ ಯಂತ್ರಗಳಿಗೂ ಪೂಜೆ ಮಾಡಿದ್ದರು. ಹಿಡಿಕೆಗಳಿಗೆ ಅರಿಶಿನ ಹಚ್ಚಿ, ಅರಿಶಿನದ ಅಕ್ಷತೆ ಹಾಕಿದ್ದರು. ಮ್ಯಾಡಂ ದಿನವಿಡೀ ಕೈಯಲ್ಲಿ ಹಿಡಿಯೋದು ಆ ಡಬ್ಬಿಯನ್ನೇ, ಹಾಗಾಗಿ ನಿಜವಾದ ಆಯುಧ ಅದೇ ಅಂತ ಮುಚ್ಚಳ ತೆಗೆದು ಒಳಗೂ ನಾಲ್ಕು ಕಾಳು ಹಾಕಿದ್ದರು. ಅರಿಶಿನಕ್ಕೆ ನೀಲಿ ಬೆಳಕು ಬಿದ್ದರೆ ಹಸಿರು ಹೊಳೀತದೆ. ಇದು ವಿದ್ಯಾರ್ಥಿಗಳಿಗೆ ನಾನೇ ಪ್ರತಿ ವರ್ಷ ಪಾಠ ಮಾಡೋ ವಿಷಯ.

"ಮಾಮಾ, ಹೊಳೆದದ್ದು ಫಲಿತಾಂಶ ಅಲ್ಲ, ನಿಮ್ಮ ಅರಿಶಿನ" ಅಂದೆ.

ಮಾಮಾ ಕೈ ಮುಗಿದರು. "ಅದನ್ನೇ ಹೇಳೋದು ಸರ್. ಹೋದ ವರ್ಷ ಅರಿಶಿನ ಬೇಡ ಅಂತ ನೀವೇ ತಡೆದಿರಿ. ಆಗ ಏನಾದರೂ ಹೊಳೆದಿತ್ತಾ?"

೪. ವೈಜಾಪುರ, ಯೇವಲಾ, ನಾಶಿಕ್

ಅರಿಶಿನದ ಕಲೆ ಬಿಡೋದು ಅಷ್ಟು ಸುಲಭ ಅಲ್ಲ. ಎಲ್ಲ ತೊಳೆದು, ತುದಿಗಳನ್ನೆಲ್ಲ ಬಿಸಾಕಿ, ಹೊಸ ಕೋಶ ಬೆಳೆಸುವ ಹೊತ್ತಿಗೆ ದೀಪಾವಳಿ ಕಳೆದು ಹೋಗಿತ್ತು. ಅಷ್ಟರಲ್ಲಿ ಕೋಶಗಳ ಹೊಳಪನ್ನು ಒಂದೊಂದಾಗಿ ಅಳೆಯುವ ನಮ್ಮ ದೊಡ್ಡ ಯಂತ್ರದ ಲೇಸರ್ ಕೈಕೊಟ್ಟಿತು. ಎಂಜಿನಿಯರ್ ಮುಂದಿನ ವಾರ ಬರ್ತಾನೆ ಅಂದರು. ಆ ಮುಂದಿನ ವಾರ ಇನ್ನೂ ಬಂದಿಲ್ಲ.

ಅಂಥದೇ ಯಂತ್ರ ನಾಶಿಕಿನ ಒಂದು ಪ್ರಯೋಗಾಲಯದಲ್ಲಿತ್ತು. ಒಂದು ದಿನ ಕೊಡ್ತೀವಿ ಅಂದರು. ಆದರೆ ಕೋಶಗಳು ಜೀವಂತ ಹೋಗಬೇಕು, ಮೂವತ್ತೇಳು ಡಿಗ್ರಿಯಲ್ಲಿ ಹೋಗಬೇಕು. ನಮ್ಮ ಒಯ್ಯುವ ಪೆಟ್ಟಿಗೆಯ ಬ್ಯಾಟರಿ ವೈಜಾಪುರದ ತನಕವೂ ಬಾಳುವಂಥದಲ್ಲ. ನಾಶಿಕ್ ಅದಕ್ಕೂ ಆಚೆ ಮೂರು ತಾಸು.

ಹುಡುಗಿ ಒಂದು ದಿನ ಪೂರ್ತಿ ಓದಿಕೊಂಡು ಬಂದು ಹೇಳಿದಳು, ಹಿಂದಿನ ಕಾಲದಲ್ಲಿ ಕೋಶಗಳನ್ನು ಮೈಗೆ ಅಂಟಿಸಿಕೊಂಡೇ ಒಯ್ತಿದ್ದರಂತೆ. ಮನುಷ್ಯನ ಮೈಗಿಂತ ಒಳ್ಳೆಯ ಇನ್‌ಕ್ಯುಬೇಟರ್ ಇಲ್ಲ. ಆಮೇಲೆ ಅವಳು ಥರ್ಮಾಮೀಟರ್ ಹಿಡಿದು ಎಲ್ಲರ ಹೊಟ್ಟೆಯ ಪರೀಕ್ಷೆ ನಡೆಸಿದಳು. ಮಾಮಾನ ಹೊಟ್ಟೆಯ ಮೇಲೆ ಬಾಟಲಿ ನಿಲ್ಲಲೇ ಇಲ್ಲ, ಉಪವಾಸದ ಹೊಟ್ಟೆ. ಅವಳು ಒಂದು ದಿನ ಮುಂಚೆಯೇ ನಾಶಿಕಿಗೆ ಹೋಗಿ ಯಂತ್ರ ಸಿದ್ಧ ಮಾಡಬೇಕು. ಉಳಿದವನು ನಾನು. ನನ್ನ ಹೊಟ್ಟೆಯ ಕೆಳಗಿನ ಮಡಿಕೆಯಲ್ಲಿ ಮೂವತ್ತೇಳಕ್ಕೆ ಸ್ವಲ್ಪವೇ ಕಡಿಮೆ, ಅದೂ ಅಲುಗಾಡದೆ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ನನ್ನನ್ನು ಯೋಗ್ಯತೆ ನೋಡಿ ಆರಿಸಿದ್ದು ಅದೇ ಮೊದಲು.

ಚಪ್ಪಟೆ ಬಾಟಲಿಯನ್ನು ಎರಡು ಸುತ್ತು ಭದ್ರ ಚೀಲದಲ್ಲಿ ಹಾಕಿ, ಹೆಂಡತಿ ಮನೆಯಲ್ಲಿ ಬಿಟ್ಟು ಹೋಗಿದ್ದ ಬೆನ್ನುನೋವಿನ ಬೆಲ್ಟಿನಿಂದ ಹೊಟ್ಟೆಗೆ ಬಿಗಿದುಕೊಂಡು, ಮೇಲೆ ಸ್ವೆಟರ್ ಹಾಕಿ ಬೆಳಿಗ್ಗೆ ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ಆಳಂದ ಕಡೆಯ ಒಬ್ಬ ಅಜ್ಜಿ. ವೇರುಳದ ಜ್ಯೋತಿರ್ಲಿಂಗದ ದರ್ಶನ ಮುಗಿಸಿ ತ್ರ್ಯಂಬಕೇಶ್ವರಕ್ಕೆ ಹೊರಟ ಗುಂಪಿನವಳು. ಹೆಂಡತಿಯ ಜೊತೆ ಫೋನಿನಲ್ಲಿ ಕನ್ನಡ ಮಾತಾಡಿದ್ದೇ ತಪ್ಪಾಯಿತು, ಅಜ್ಜಿ ನನ್ನನ್ನು ಹಿಡಿದುಕೊಂಡಳು.

"ಹೊಟ್ಟಿ ಹಿಡಕೊಂಡು ಕುಂತೀಯಲ್ಲೋ ತಮ್ಮಾ, ನೋಯ್ತದೇನು?"

"ನೋಯಂಗಿಲ್ಲಬೇ. ಹೊಟ್ಟಿ ಮ್ಯಾಲ ಜೀವ ಅದಾವ. ನಾಶಿಕ್ ಮುಟ್ಟೂತನಕ ಬೆಚ್ಚಗ ಇಡಬೇಕು."

"ಎಷ್ಟದಾವ?"

"ಲಕ್ಷಗಟ್ಟಲೆ."

"ನಿನ್ನವೇನು?"

"ಅಲ್ಲಬೇ, ಒಬ್ಬ ಹುಡುಗೀವು. ಆಕಿ ನಾಶಿಕದಾಗ ಕಾಯ್ಕೋತ ಕುಂತಾಳ. ಇವು ಉಳಿದ್ರ ಆಕಿ ಬಾಳೇ ಉಳೀತದ."

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ವೈಜಾಪುರದಲ್ಲಿ ಅಜ್ಜಿ ತನ್ನ ಕೌದಿ ತೆಗೆದು ನನ್ನ ಮಡಿಲಿಗೆ ಹೊದಿಸಿದಳು. ಆಮೇಲೆ ಎದ್ದು ಹೋಗಿ ಡ್ರೈವರನಿಗೆ ಏನೋ ಹೇಳಿ ಬಂದಳು. ಅವಳಿಗೆ ಮರಾಠಿ ಬರೋದಿಲ್ಲ, ಅವನಿಗೆ ಕನ್ನಡ ಬರೋದಿಲ್ಲ, ಕೈಸನ್ನೆಯಲ್ಲೇ ತಿಳಿಸಿದ್ದಳು. ಅವನು ಕನ್ನಡಿಯಲ್ಲಿ ನನ್ನನ್ನು ಒಂದು ಸಲ ನೋಡಿದ. ಅಲ್ಲಿಂದ ಮುಂದೆ ಪ್ರತಿ ಗುಂಡಿಯಲ್ಲೂ ಬಸ್ಸು ನಿಂತು ನಿಂತು ಇಳಿಯಿತು. ಯೇವಲಾದಲ್ಲಿ ಎಲ್ಲರೂ ಚಹಾಕ್ಕೆ ಇಳಿದರು. ನಾನು ಏಳಹೋದರೆ ಕಂಡಕ್ಟರ್ ಹೆಗಲು ಒತ್ತಿ ಕೂಡಿಸಿದ. ಚಹಾ ನಾನಿದ್ದಲ್ಲಿಗೇ ಬಂತು. ಹಿಂದಿನ ಸೀಟಿನ ಹೆಣ್ಣುಮಗಳು ಹುಳಿ ಬೇಕೇನು ಅಂತ ಹುಣಸೆಗುಳಿಗೆ ಕೊಟ್ಟಳು. ನಾನೂ ತಗೊಂಡೆ. ಕೊಟ್ಟದ್ದು ಬೇಡ ಅನ್ನೋಕೆ ಆಗ ನನಗೆ ಧೈರ್ಯ ಇರಲಿಲ್ಲ.

ನಾಶಿಕಿನ ಸ್ಟ್ಯಾಂಡಿನಲ್ಲಿ ಅಜ್ಜಿ ಬಾಗಿಲಿಗೆ ಅಡ್ಡ ನಿಂತು ನನ್ನನ್ನೇ ಮೊದಲು ಇಳಿಸಿದಳು. ಹುಡುಗಿ ಓಡಿ ಬಂದಳು. ಮುಖದಲ್ಲಿ ರಕ್ತ ಇರಲಿಲ್ಲ. "ಸರ್, ಜಿವಂತ ಅದಾವ?"

"ಬೆಚ್ಚಗದಾವ" ಅಂದೆ.

ಅಜ್ಜಿ ಹುಡುಗಿಯ ಗಲ್ಲ ಸವರಿ ನೆಟಿಗೆ ಮುರಿದಳು. "ಇಂವಾ ಐದು ತಾಸು ಹೊತ್ತಾನ ನೋಡವ್ವಾ. ಗಂಡಸಂದಮ್ಯಾಲ ಇಷ್ಟು ಮಾಡಿದ್ದೇ ಹೆಚ್ಚು. ಮುಂದಿನ ಬಾಣಂತನ ನೀನಽ ನೋಡ್ಕೊ."

೫. ನಿಷ್ಪಕ್ಷಪಾತ ಹೊಟ್ಟೆ

ಫಲಿತಾಂಶ ಬಂತು. ಬಂದದ್ದು ಎಂಥದು ಅಂದರೆ, ಬೇಸಿಗೆಯ ಎರಡಕ್ಕಿಂತ ಚೊಕ್ಕ. ಹುಡುಗಿ ಆ ಯಂತ್ರದ ಮುಂದೆಯೇ ಕೂತು ಅತ್ತಳು. ನಾನು ಬೆಲ್ಟು ಬಿಚ್ಚುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ.

ಉಳಿದದ್ದು ಪ್ರಬಂಧ ಸಲ್ಲಿಸುವ ಮುಂಚಿನ ಸೆಮಿನಾರು. ಹೊರಗಿನ ತಜ್ಞರೊಬ್ಬರು ಬಂದು ಕೇಳಿ ಒಪ್ಪಿದರೆ ಸಹಿ, ಸಹಿ ಆದರೆ ಸಲ್ಲಿಕೆ. ಅವಧಿ ಮುಗಿಯಲು ಆಗ ನಾಲ್ಕೇ ದಿನ ಬಾಕಿ. ಬಂದ ತಜ್ಞರು ನಾಶಿಕಿನ ಹಿರಿಯ ಪ್ರಾಧ್ಯಾಪಕರು, ಕಟ್ಟುನಿಟ್ಟಿಗೆ ಹೆಸರಾದವರು. ಭಾರಿ ಶರೀರ. ಕುರ್ಚಿಯಲ್ಲಿ ಕೂತರೆ ಮೇಜಿಗೂ ಅವರಿಗೂ ನಡುವೆ ಹೊಟ್ಟೆಯೇ ಮೊದಲು ಬರ್ತಿತ್ತು.

ಹುಡುಗಿ ಚಂದ ಹೇಳಿದಳು. ತಜ್ಞರು ತಲೆದೂಗಿದರು. ಆದರೆ ಅವಳಿಗೊಂದು ರೋಗ ಇದೆ, ಪ್ರಾಮಾಣಿಕತೆ. ವಿಧಾನದ ಪುಟದಲ್ಲಿ ಬರೆದಿದ್ದಳು: ಮೊದಲ ಎರಡು ಪ್ರಯೋಗಗಳ ಕೋಶಗಳು ಇನ್‌ಕ್ಯುಬೇಟರಿನಿಂದ ನೇರ ಯಂತ್ರಕ್ಕೆ, ಮೂರನೆಯವು ಐದು ತಾಸು ಮಾರ್ಗದರ್ಶಕರ ಹೊಟ್ಟೆಯ ಮೇಲೆ.

ತಜ್ಞರು ಕನ್ನಡಕ ತೆಗೆದರು. ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: "ಹಾಗಾದರೆ ಇದು ಮೂರು ಅಲ್ಲ. ಇನ್‌ಕ್ಯುಬೇಟರಿನವು ಎರಡು, ಹೊಟ್ಟೆಯದು ಒಂದು. ಮೂರನೆಯದು ಚೆನ್ನಾಗಿ ಬಂದದ್ದು ಔಷಧದಿಂದಲೋ, ಹೊಟ್ಟೆಯಿಂದಲೋ?"

ಅವರು ಹೇಳಿದ್ದು ಸರಿ ಇತ್ತು, ಅದೇ ಸಂಕಟ. "ಹೊಟ್ಟೆಯ ಮೇಲೆ ಇನ್ನೂ ಎರಡು ಸಲ ಆಗಲಿ, ನಾನು ಸಹಿ ಹಾಕ್ತೀನಿ" ಅಂದರು.

"ಇವತ್ತೇ ಹೊರಡ್ತೀನಿ. ಎರಡು ಬಾಟಲಿ ಕಟ್ಟಿಕೊಳ್ತೀನಿ" ಅಂದೆ.

"ಒಂದೇ ಹೊಟ್ಟೆಯ ಮೇಲಿನ ಎರಡು ಬಾಟಲಿ ಒಂದೇ ಲೆಕ್ಕ" ಅಂದರು. "ಅಲ್ಲದೆ ನೀವು ಮಾರ್ಗದರ್ಶಕರು. ನಿಮ್ಮ ಹೊಟ್ಟೆಗೆ ಈ ಪ್ರಬಂಧದಲ್ಲಿ ಆಸಕ್ತಿ ಇದೆ. ಎರಡನೆಯದಕ್ಕೆ ಸಂಬಂಧವಿಲ್ಲದ, ನಿಷ್ಪಕ್ಷಪಾತವಾದ ಹೊಟ್ಟೆ ಬೇಕು."

ಹುಡುಗಿ ತಲೆ ಎತ್ತಿದಳು. ಆರು ವರ್ಷದಲ್ಲಿ ಅವಳು ಯಾರ ಎದುರಿಗೂ ದನಿ ಎತ್ತಿದವಳಲ್ಲ, ಆಗಲೂ ಎತ್ತಲಿಲ್ಲ. ತಜ್ಞರ ಮುಖ ನೋಡಿದಳು, ಆಮೇಲೆ ದೃಷ್ಟಿ ಸ್ವಲ್ಪ ಕೆಳಗೆ ಇಳಿಯಿತು.

"ಸರ್, ಯಾವುದಕ್ಕೂ ಇರಲಿ ಅಂತ ನಿನ್ನೆ ರಾತ್ರಿ ಉಪವಾಸ ಕೆಡವಿದ ಬಾಟಲಿ ಎರಡು ತಯಾರಿವೆ" ಅಂತ ಮರಾಠಿಯಲ್ಲಿ ಅಂದಳು. "ನೀವು ಮಧ್ಯಾಹ್ನ ನಾಶಿಕಿಗೆ ವಾಪಸ್ ಹೊರಡ್ತೀರಲ್ಲ?"

ತಜ್ಞರು ಕೋಟಿನ ಗುಂಡಿ ಹಾಕಿಕೊಂಡರು. ಅಷ್ಟರಲ್ಲಿ ಮಾಮಾ ಥರ್ಮಾಮೀಟರ್ ತಂದು ಅವರ ಎದುರು ನಿಂತಿದ್ದರು. ಅದು ಸರಿಯಾಗಿ ಮೂವತ್ತೇಳು ತೋರಿಸಿತು.

ಅವರ ಕಾರಿನಲ್ಲೇ ಹೊರಟೆವು. ಹಿಂದಿನ ಸೀಟಿನಲ್ಲಿ ನಾವಿಬ್ಬರು ಹಿರಿಯ ವಿಜ್ಞಾನಿಗಳು ಕೋಟಿನೊಳಗೆ ಬಾಟಲಿ ಕಟ್ಟಿಕೊಂಡು, ಕೈ ಮೇಲಿಟ್ಟುಕೊಂಡು ಕೂತಿದ್ದೆವು. ಮುಂದಿನ ಸೀಟಿನಲ್ಲಿ ಹುಡುಗಿ, ಹದಿನೈದು ನಿಮಿಷಕ್ಕೊಮ್ಮೆ ತಿರುಗಿ ಇಬ್ಬರ ತಾಪಮಾನ ಬರೆದುಕೊಳ್ತಿದ್ದಳು. ಎಸಿ ಬಂದ್, ಕಿಟಕಿ ಬಂದ್. ಯೇವಲಾ ದಾಟಿದ ಮೇಲೆ ತಜ್ಞರು ನನ್ನ ಕಡೆ ಬಾಗಿ, "ನಿಮ್ಮದು ಎಷ್ಟು?" ಅಂತ ಗುಟ್ಟಾಗಿ ಕೇಳಿದರು. ಹೇಳಿದೆ. ಅವರ ಮುಖದ ಮೇಲೆ ಸಣ್ಣ ತೃಪ್ತಿ ಬಂತು.

ಸಂಜೆ ಯಂತ್ರ ಎರಡನ್ನೂ ಅಳೆಯಿತು. ಹಳೆಯದು ಒಂದು, ಹೊಸವು ಎರಡು. ಮೂರೂ ಗೆರೆಗಳು ಒಂದರ ಮೇಲೊಂದು ಕೂತವು. ಇನ್‌ಕ್ಯುಬೇಟರಿನ ಎರಡಕ್ಕೂ ಹೊಂದಿದವು. ಔಷಧ ನಿಜ, ಫೈಲಿನ ಮೇಲೆ ಕೂತವನು ಅಂತ ಹುಡುಗಿ ಹಿಡಿದ ಆಸಾಮಿಯೂ ನಿಜ. ತಜ್ಞರು ಅಂಗಿ ಹೊರಗಿದ್ದ ಹಾಗೇ ನಿಂತು ಸಹಿ ಹಾಕಿದರು. ಹಾಕಿದ ಮೇಲೆ ಪೆನ್ನು ಕೈಯಲ್ಲೇ ಇಟ್ಟುಕೊಂಡು ಯೋಚಿಸಿದರು.

"ಮುಂದೆ ಮೌಖಿಕ ಪರೀಕ್ಷೆಗೆ ನನ್ನ ಹೆಸರು ಕಳಿಸಬೇಡಿ" ಅಂದರು. "ನಾನಿನ್ನು ಪರೀಕ್ಷಕ ಆಗೋ ಹಾಗಿಲ್ಲ. ನಾನೀಗ ಉಪಕರಣ."

ಕಡೆಯ ದಿನ ಹುಡುಗಿ ಪ್ರಬಂಧ ಸಲ್ಲಿಸಿದಳು. ಈಗ ಡಾಕ್ಟರ್ ಆಗಿದ್ದಾಳೆ, ಅವಳಪ್ಪ ಶೇಂದ್ರಾದ ಇಡೀ ಕಾರ್ಖಾನೆಗೆ ಸಿಹಿ ಹಂಚಿದರು. ಆ ಪ್ರಬಂಧದ ಕೊನೆಗೆ, ನಿಯಮದಂತೆ, ಬಳಸಿದ ಉಪಕರಣಗಳ ಪಟ್ಟಿ ಇದೆ. ತಯಾರಾದ ವರ್ಷ, ಸ್ಥಿತಿ, ಷರಾ. ಅವಳ ರೋಗ ಹೇಳಿದೆನಲ್ಲ. ಹಿಂದಿನ ದಿನವೇ ನಮ್ಮಿಬ್ಬರಿಗೂ ಫೋನು ಮಾಡಿ ಹುಟ್ಟಿದ ವರ್ಷ ಕೇಳಿದ್ದಳು. ಇನ್‌ಕ್ಯುಬೇಟರ್, ಸೂಕ್ಷ್ಮದರ್ಶಕ ಎಲ್ಲ ಆದ ಮೇಲೆ ಕಡೆಯ ಎರಡು ಸಾಲು ನಮ್ಮವು. ತಜ್ಞರ ಹೊಟ್ಟೆಯ ಮುಂದೆ 'ಉತ್ತಮ, ತಾಪಮಾನ ಸ್ಥಿರ' ಅಂತಿದೆ. ನನ್ನ ಹೊಟ್ಟೆಯ ಮುಂದೆ 'ಹಳೆಯದು, ಸದ್ಯಕ್ಕೆ ನಡೆಯುತ್ತದೆ'. ಅದರ ಕೆಳಗೆ, 'ಮೇಲಿನ ವಿವರಗಳನ್ನು ಖುದ್ದಾಗಿ ಪರಿಶೀಲಿಸಿದ್ದೇನೆ, ನಿಜವಾಗಿವೆ' ಅಂತ ಮಾರ್ಗದರ್ಶಕನ ಸಹಿ.